ಒಂಟಿ ಸೆಲ್ಲಿನ ಕಾವಲು

ಉಡುದಾರ ಬಿಚ್ಚು ಎಂದಾಗ ಮಾತ್ರ ಚಿಕ್ಕಸ್ವಾಮಿ ತಿರುಗಿಬಿದ್ದ.

ಟವೆಲ್ ತೆಗೆದು ನೆಲಕ್ಕೆ ಎಸೆದಿದ್ದ. ಚಡ್ಡಿಯ ಲಾಡಿಯನ್ನೂ ಎಳೆದುಕೊಟ್ಟಿದ್ದ. ಸೊಂಟದ ಕರಿದಾರದ ವಿಷಯ ಬಂದದ್ದೇ ತಡ, ಅದಕ್ಕೆ ಎರಡೂ ಕೈ ಅಡ್ಡ ಇಟ್ಟುಕೊಂಡು ಗೋಡೆಗೆ ಒರಗಿದ.

“ಜೀವ ಇರೋವಾಗ ಉಡ್ದಾರ ಕೀಳ್ತಾರೇನಣ್ಣ? ಅದು ಹೆಣಕ್ಕೆ ಮಾಡೋ ಕೆಲ್ಸ.”

ಅವನು ಹೇಳಿದ್ದು ಸುಳ್ಳಲ್ಲ. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಯಾವ ಮನೆಯಲ್ಲಿ ಕೇಳಿದರೂ ಇದನ್ನೇ ಹೇಳುತ್ತಾರೆ. ದಾರ ಸವೆದರೆ ಹೊಸದನ್ನು ಕಟ್ಟಿಕೊಂಡ ಮೇಲೇ ಹಳೆಯದನ್ನು ತೆಗೆಯಬೇಕು. ಬರಿಸೊಂಟದ ಗಂಡಸು ಸತ್ತವನ ಲೆಕ್ಕ. ವಾರ್ಡರ್ ಮಂಚಯ್ಯನಿಗೆ ಇದು ಗೊತ್ತಿಲ್ಲವೇ? ಅವನೇನು ಹೊರಗಿನವನೇ, ದೇವಲಾಪುರದವನು. ಆದರೆ ಜೈಲಿಗೆ ಹೊಸ ನಿಯಮ ಬಂದಿತ್ತು.

“ತೆಗೀಲಾ. ನನ್ ಕೈಲಿ ಕೀಳಿಸ್ಬ್ಯಾಡ,” ಎನ್ನುತ್ತ ಮಂಚಯ್ಯ ನೆಲದ ಮೇಲಿದ್ದ ಟವೆಲನ್ನು ಬಗ್ಗಿ ಎತ್ತಿಕೊಂಡ.

ಚಿಕ್ಕಸ್ವಾಮಿ ಅವನನ್ನೇ ನೋಡುತ್ತ ನಿಂತ. ಆಮೇಲೆ ಏನನ್ನಿಸಿತೋ, ತಾನೇ ದಾರ ಬಿಚ್ಚಿ ಕೊಟ್ಟ. ಅಷ್ಟು ಸಲೀಸಾಗಿ ಕೊಟ್ಟದ್ದು ಮಂಚಯ್ಯನಿಗೆ ಸರಿಕಾಣಲಿಲ್ಲ. ಬದುಕುವ ಆಸೆ ಇರುವವನು ಹೀಗೆ ಕೊಡುತ್ತಾನೆಯೇ?

ಚಿಕ್ಕಸ್ವಾಮಿ ಮಾಕವಳ್ಳಿ ಕಡೆಯ ಕಬ್ಬು ಕಡಿಯುವವನು. ಸಕ್ಕರೆ ಕಾರ್ಖಾನೆಯಲ್ಲಿ ಗಾಡಿಯ ಸರದಿಗೆ ಜಗಳ ತೆಗೆದು ಒಬ್ಬನ ತಲೆ ಒಡೆದು ಜೈಲಿಗೆ ಬಂದಿದ್ದ. ಒಳಗಾದರೂ ತೆಪ್ಪಗಿರಬೇಕಲ್ಲ, ಬ್ಯಾರಕ್ಕಿನಲ್ಲೂ ಹೊಡೆದಾಡಿ ಒಂಟಿ ಸೆಲ್ಲಿಗೆ ಬಿದ್ದ. ಅದಕ್ಕೂ ಮುಂಚೆ, ಯುಗಾದಿಯ ಹೊತ್ತಿಗೆ, ಅದೇ ಸೆಲ್ಲಿನಲ್ಲಿ ರಾಮು ಎಂಬ ಕೈದಿ ತನ್ನ ಪ್ರಾಣ ತಾನೇ ಕಳೆದುಕೊಂಡಿದ್ದ. ಅವತ್ತು ಕಾವಲಿಗಿದ್ದವನು ಮಂಚಯ್ಯ. ಟೀ ಕುಡಿದು ಬರುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು.

ವಿಚಾರಣೆಯಲ್ಲಿ ಅವನ ತಪ್ಪಿಲ್ಲವೆಂದಾಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗೆ ನಿಯಮಗಳು ಬಂದವು. ಸೆಲ್ಲಿನೊಳಗೆ ದಾರ, ಬಟ್ಟೆ ಬಿಡಬಾರದು. ಆಗಾಗ ಇಣುಕಿ ನೋಡಬೇಕು. ಕೈದಿಯನ್ನು ಮಾತಾಡಿಸುತ್ತಿರಬೇಕು. ಆ ಕಾವಲನ್ನು ಮಂಚಯ್ಯ ತಾನಾಗಿಯೇ ಕೇಳಿ ಪಡೆದ. ಹಸುವನ್ನು ತಮ್ಮನ ಕೊಟ್ಟಿಗೆಗೆ ಹೊಡೆದ. ಹೆಂಡತಿ ಇಂದ್ರಮ್ಮನನ್ನು ತವರಿಗೆ ಕಳಿಸಿದ. “ಡೂಟಿ ಇಡ್ಕಂಡು ಇವನ್ನೆಲ್ಲ ಯಾರ್ ನೋಡ್ಕತಾರೆ ಬುಡಿ,” ಎಂದ. ಎಂಥ ನಿಷ್ಠೆ ಎಂದು ಜೊತೆಯವರು ತಲೆದೂಗಿದರು.

ಆದರೆ ಚಿಕ್ಕಸ್ವಾಮಿ ಅವನನ್ನು ಕೂರಲು ಬಿಡಲಿಲ್ಲ. ಮಂಚಯ್ಯ ಪಡಸಾಲೆಯ ತುದಿ ದಾಟಿದರೆ ಸಾಕು, ತಟ್ಟೆ ತೆಗೆದು ಸರಳಿಗೆ ಬಡಿಯುತ್ತಿದ್ದ. ಮಂಚಯ್ಯ ಎದ್ದೆನೋ ಬಿದ್ದೆನೋ ಎಂದು ಓಡಿಬರುತ್ತಿದ್ದ. ಬಂದು ನೋಡಿದರೆ ಈ ಮಹಾರಾಯ ಆರಾಮಾಗಿ ನಿಂತಿರುತ್ತಿದ್ದ.

“ಏನ್ಲಾ ಆಯ್ತು?”

“ಏನೂ ಇಲ್ಲ. ಎತ್ಲಾಗ್ ಹೋಗಿದ್ರಿ?”

ಊಟಕ್ಕೂ ಅದೇ ರಗಳೆ. ಮಂಚಯ್ಯ ಎದುರಿಗೆ ಕೂತು ಉಣ್ಣುವ ತನಕ ಅವನು ಮುದ್ದೆ ಮುರಿಯುತ್ತಿರಲಿಲ್ಲ.

“ಮನಸಲ್ಲಿ ಏನಾರ ಇದ್ರೆ ಯೋಳ್ಬುಡ್ಲಾ,” ಎಂದು ಮಂಚಯ್ಯ ಒಮ್ಮೆ ಅಂಗಲಾಚಿದ. “ಇನ್ನೊಂದ್ ಸಾವ ನೋಡೋ ಶಕ್ತಿ ನಂಗಿಲ್ಲ.”

“ನಾಳೀಕೂ ನೀವೇ ಬತ್ತೀರೇನಣ್ಣ?”

“ನಾಳೆ ಮಾತ್ ನಾಳೀಕೆ.”

“ಅಂಗನ್ಬ್ಯಾಡಿ. ಬತ್ತೀನಿ ಅನ್ನಿ.”

ಮಂಚಯ್ಯ ಸೋತ. ಬರುತ್ತೇನೆ ಎಂದ. ಬಂದ. ಮರುದಿನ ಮತ್ತೆ ಅದೇ ಪ್ರಶ್ನೆ, ಅದೇ ಪೀಡನೆ. ಮಾತು ಕೊಟ್ಟು ಕೊಟ್ಟು ಅವನಿಗೆ ಸಾಕಾಗಿತ್ತು.

ಕೊನೆಗೆ ಡಾಕ್ಟರು ಬಂದು ಚಿಕ್ಕಸ್ವಾಮಿಯ ಜೊತೆ ಮಾತಾಡಿ, ಇವನಿಗೇನೂ ಆಗಿಲ್ಲ ಎಂದರು. ಬ್ಯಾರಕ್ಕಿಗೆ ಕಳಿಸಿ ಎಂದು ಜೈಲರ್ ಪ್ರಮೀಳಾ ಹೇಳಿದರು. ಪಾಂಡವಪುರದ ಹೆಣ್ಣುಮಗಳು, ಮಾತು ಖಡಕ್ಕು.

ಮಂಚಯ್ಯನ ಮುಖ ಬಹಳ ದಿನದ ಮೇಲೆ ತಿಳಿಯಾಗಿತ್ತು. “ಕಳಿಸ್ಬುಡಿ ಮೇಡಂ. ಒಂದು ಜೀವ ಉಳೀತು, ಅಷ್ಟು ಸಾಕು. ಸೆಲ್ಲು ತೊಳ್ಸಿ ಬೀಗ ಹಾಕ್ತೀನಿ. ಬೀಗದ ಕೈ ನನ್ನತ್ರಾನೇ ಇರ್ಲಿ.”

ಬಾಗಿಲು ತೆಗೆದದ್ದೇ ತಡ, ಚಿಕ್ಕಸ್ವಾಮಿ ಆರಿದ ಸಾರಿನ ಬಟ್ಟಲೆತ್ತಿ ಮಂಚಯ್ಯನ ಎದೆಗೆ ಎರಚಿದ. ಖಾಕಿ ಅಂಗಿ ತೊಪ್ಪೆಯಾಯಿತು. ಸಿಬ್ಬಂದಿ ನುಗ್ಗಿ ಅವನನ್ನು ಹಿಡಿದು ನೆಲಕ್ಕೆ ಒತ್ತಿದರು. ಗದ್ದಲ ಕೇಳಿ ಪ್ರಮೀಳಾ ಓಡಿಬಂದರು.

“ಕಣ್ಣಲ್ಲಿ ಕಣ್ಣಿಟ್ಟು ಕಾದ ಮನುಷ್ಯನಿಗೆ ಹಿಂಗಾ ಮಾಡೋದು? ಇನ್ನೂ ಇಲ್ಲೇ ಕೊಳೀಬೇಕಾ ನೀನು?”

“ಊಂ ಮೇಡಂ. ಇಲ್ಲೇ ಇಡಿ.”

“ಯಾಕೆ?”

ಚಿಕ್ಕಸ್ವಾಮಿ ಮಂಚಯ್ಯನ ಕಡೆ ನೋಡಿದ. ಹಠಮಾರಿ ಆಳಿನ ಕಣ್ಣಲ್ಲಿ ನೀರು ತುಂಬಿತ್ತು.

“ಯೋಳುದ್ರೆ ಅಣ್ಣನ ಕೆಲ್ಸ ಓಯ್ತದೆ ಅಂತ ಬಾಯಿ ಮುಚ್ಕಂಡಿದ್ದೆ. ನನ್ ಉಡ್ದಾರ ಈಸ್ಕಂಡ ದಿನ ಬಗ್ಗುದ್ರಲ್ಲ, ಅಂಗಿ ಮ್ಯಾಕೆದ್ದಿತ್ತು. ಅಣ್ಣನ ಸೊಂಟದಲ್ಲಿ ಉಡ್ದಾರ ಇರ್ಲಿಲ್ಲ ಮೇಡಂ. ತಾವೇ ಕಿತ್ತಾಕವ್ರೆ. ನಾನ್ ಆಚೆ ಬಂದ್ರೆ ಈ ಸೆಲ್ಲು ಖಾಲಿ ಆಯ್ತದೆ. ಆಮ್ಯಾಕೆ ಅಣ್ಣ ಒಬ್ರೇ ಒಳೀಕ್ ಬಂದು ಜೀವ ಕಳ್ಕಂಡ್ರೆ?”

ಮಂಚಯ್ಯ ಬೀಗದ ಕೈಯನ್ನು ಮೇಡಂ ಕೈಗಿಟ್ಟು, ಅಲ್ಲೇ ಕುಸಿದು ಕೂತು ಅತ್ತುಬಿಟ್ಟ.