ಇಂಚರಾಳ ಮೊದಲ ಮಾತು

"ಅಪ್ಪ," ಎಂದಳು ಹನ್ನೊಂದು ತಿಂಗಳ ಇಂಚರ, ಕಂಪ್ಯೂಟರ್ ಪರದೆಯಲ್ಲಿ ಕಾಣುತ್ತಿದ್ದ ತಂದೆಯತ್ತ ಕೈಚಾಚಿ. ಬೋಗಾದಿಯ ಆ ಮನೆಯಲ್ಲಿ ಅದು ಕೇಳಿಸಿದ್ದು ಅಜ್ಜಿ ದೇವಮ್ಮಣ್ಣಿಗೆ ಮಾತ್ರ. ತಾಯಿಯ ಹೆಸರು ಪ್ರೀತಿ, ಅವಳಿಗೆ ಕಿವಿ ಕೇಳಿಸದು. ತಂದೆ ವಸಂತನಿಗೂ ಅಷ್ಟೆ.

ಕಿವುಡರ ಚೆಸ್ ಪಂದ್ಯಾವಳಿಗೆಂದು ವಸಂತ ಪೋಲೆಂಡಿಗೆ ಹೋಗಿ ಹದಿನೈದು ದಿನವಾಗಿತ್ತು. ಫೋನ್ ಹಿಡಿದರೆ ಒಂದು ಕೈ ಅದಕ್ಕೇ ಹೋಗುತ್ತದೆ, ಅವನಿಗೆ ಮಾತಾಡಲು ಎರಡೂ ಕೈ ಬೇಕು. ಹಾಗಾಗಿ ನೋಟ್‌ಬುಕ್ಕಿನಷ್ಟು ಹಗುರವಾದ ಲ್ಯಾಪ್‌ಟಾಪ್ ಕೊಂಡೊಯ್ದಿದ್ದ. ಕೂತಲ್ಲೆಲ್ಲ ಅದನ್ನು ತೆರೆದಿಟ್ಟು ಹೆಂಡತಿಯೊಡನೆ ಮಾತಾಡುತ್ತಿದ್ದ.

ದೇವಮ್ಮಣ್ಣಿ ಮಗನ ಆ ಕೈಮಾತನ್ನು ಎಂದೂ ಕಲಿತವಳಲ್ಲ. ಅವನು ಚಿಕ್ಕವನಿದ್ದಾಗ, ಜನ ನೋಡುತ್ತಾರೆಂದು ಬಸ್ಸಿನಲ್ಲಿ ಅವನ ಕೈಗಳನ್ನು ಒತ್ತಿ ಹಿಡಿಯುತ್ತಿದ್ದಳು. ಈಗ ತಡೆಯಲಾರದೆ, "ಅಪ್ಪ ಅಂದ್ಬುಟ್ಲು ಕಣೋ ವಸಂತ!" ಎಂದು ಕೂಗಿದಳು. ವಸಂತ ಏನೆಂದು ಹುಬ್ಬು ಹಾರಿಸಿದ.

ಅವಳು ಮಗುವಿನ ತುಟಿ ಮುಟ್ಟಿ ತೋರಿಸಿದಳು. ಆಮೇಲೆ, ಸೊಸೆ ದಿನವೂ ಮಗುವಿಗೆ ಕಲಿಸುವುದನ್ನು ನೆನೆದು, ತನ್ನ ಮೇಲ್ದುಟಿಯ ಮೇಲೆ ಇಲ್ಲದ ಮೀಸೆಯನ್ನು ಬೆರಳಿನಿಂದ ತೀಡಿದಳು. ಅಪ್ಪ. ಪ್ರೀತಿ ತಟ್ಟನೆ ಮಗುವಿನ ಗಂಟಲಿಗೆ ಬೆರಳಿಟ್ಟಳು.

"ಇನ್ನೊಂದ್ಸಲ ಅನ್ನು ಕಂದ," ಎಂದಳು ಅಜ್ಜಿ.

"ಅಪ್ಪ."

ಬೆರಳಿಗೆ ಸಿಕ್ಕ ಸಣ್ಣ ನಡುಕಕ್ಕೆ ಪ್ರೀತಿಯ ಕಣ್ಣು ತುಂಬಿತು. ಅಲ್ಲಿ ವಸಂತನ ಎರಡೂ ಕೈ ಗಾಳಿಯಲ್ಲೇ ನಿಂತವು. ಅವನು ಮೆಲ್ಲಗೆ ಮುಂದೆ ಬಾಗಿ, ಪರದೆಯಲ್ಲಿ ಮಗಳ ಗಂಟಲು ಕಾಣುವ ಕಡೆ ತಾನೂ ಬೆರಳಿಟ್ಟು, ಹಾಗೇ ಕಾದ.