ಓಬಳೆಪ್ಪ ತೆಗೆಸಿದ ಟಿಕೆಟ್

“ನಿಮ್ಮ ಹೆಂಗಸರ ಬಸ್ಸು ಪುಕ್ಕಟೆ ಓಡ್ತೈತಿ ಅಂತ ತಿಳದೀಯೇನು? ನಾವು ಕುಡದು ತೆರಿಗಿ ಕಟ್ಟಿದ್ದಕ್ಕ ಓಡ್ತೈತಿ,” ಎಂದು ಓಬಳೆಪ್ಪ ಹೆಂಡತಿಯ ಮೇಲೆ ರೇಗಿದ.

“ಹಂಗಾರ ನನ್ನ ತವರಮನಿ ಟಿಕೆಟ್ಟೂ ನೀನ ತಗಸಿದಂಗಾತು,” ಎಂದಳು ದುರಗಮ್ಮ. “ಆಧಾರ್ ಕಾರ್ಡ್ ಕೊಡು. ಅದಿಲ್ಲಂದ್ರ ಕಂಡಕ್ಟರ್ ರೊಕ್ಕ ಕೇಳ್ತಾನ.”

ಅವಳು ತವರಿಗೆ ಹೋಗಿಬಿಟ್ಟಾಳೆಂದೇ ಅವನು ಆ ಕಾರ್ಡನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದ. ಈಗ ದೊಡ್ಡಸ್ತಿಕೆ ತಲೆಗೇರಿ, ತಾನೇ ಬೀಗ ತೆಗೆದು ಕಾರ್ಡನ್ನು ಅವಳ ಕಾಲ ಬಳಿ ಎಸೆದ. “ತಗೋ, ಊರೆಲ್ಲಾ ತಿರುಗು ನನ್ನ ಖರ್ಚಿನಾಗ.”

ದುರಗಮ್ಮ ಕಾರ್ಡನ್ನು ಸೆರಗಿನಿಂದ ಒರೆಸಿಕೊಂಡು ಹೊರಟುಹೋದಳು. ಸಿಟ್ಟಿಳಿದರೆ ಬರುತ್ತಾಳೆಂದು ಓಬಳೆಪ್ಪ ಸಂಜೆ ತಮ್ಮೂರು ಬೇವೂರಿನ ಬಸ್ ನಿಲ್ದಾಣದಲ್ಲಿ ನಿಂತ. ಅವಳ ತವರಿನ ಕಡೆಯಿಂದ ಕೊಪ್ಪಳದ ಬಸ್ಸು ಬಂತು, ಹೆಂಗಸರೆಲ್ಲ ಇಳಿದರು. ದುರಗಮ್ಮ ಅಂದೂ ಇಳಿಯಲಿಲ್ಲ, ಮುಂದೆಂದೂ ಇಳಿಯಲಿಲ್ಲ.