ಸೊಸೆಯ ಕನ್ನಡಕ

“ಇದು ಚೆನ್ನಾಗಿದೆಯಾ, ಮೊದಲಿನದು ಚೆನ್ನಾಗಿತ್ತಾ?”

ಕನ್ನಡಕದ ಅಂಗಡಿಯ ಯಜಮಾನರು ಗಾಜು ಬದಲಾಯಿಸಿ ಕೇಳಿದರು. ಎದುರಿನ ಎತ್ತರದ ಕುರ್ಚಿಯಲ್ಲಿ ಕುಳಿತಿದ್ದವಳು ಅವರ ಸೊಸೆ, ದಿನ ತುಂಬುತ್ತ ಬಂದ ಬಸುರಿ. ತಲೆನೋವು ನಿನ್ನೆಯಿಂದ ಬಿಟ್ಟಿರಲಿಲ್ಲ. ಬೆಳಗ್ಗೆ ಎದ್ದಾಗಿನಿಂದ ಕಣ್ಣಿಗೆ ಮಂಜು ಕವಿದಂತಿತ್ತು. ಗೋಡೆಯ ಮೇಲಿನ ಅಕ್ಷರಗಳನ್ನು ಒಮ್ಮೆ ಕೆಳಗಿನ ಸಾಲಿನವರೆಗೂ ಓದಿಬಿಟ್ಟಳು; ಮರುಗಳಿಗೆ ನಡುವಿನ ಸಾಲಿನಲ್ಲೇ ತಡವರಿಸಿದಳು.

“ಊಹೆ ಮಾಡಿ ಹೇಳ್ಬೇಡಮ್ಮ. ಕಂಡದ್ದು ಹೇಳು.”

“ಕಂಡದ್ದೇ ಹೇಳ್ತಿದೀನಿ ಮಾವ. ಮಧ್ಯೆ ಮಧ್ಯೆ ಮಿಂಚುಹುಳ ಹಾರಾಡಿದ ಹಾಗಾಗತ್ತೆ.” ಸ್ವಲ್ಪ ಅನುಮಾನಿಸಿ ಮತ್ತೆ ಹೇಳಿದಳು: “ಕಣ್ಣು ಮಂಜಾದ್ರೆ, ಮುಖ ಕೈ ಊದ್ಕೊಂಡ್ರೆ ತಡ ಮಾಡ್ದೆ ಬಾ ಅಂತ ಆಸ್ಪತ್ರೆ ನರ್ಸಮ್ಮ ಹೇಳಿದ್ರು.”

ಯಜಮಾನರು ನಕ್ಕರು. “ಕಣ್ಣಿನ ವಿಚಾರಕ್ಕೆ ನರ್ಸಮ್ಮನ ಹತ್ರ ಹೋದ್ರೆ ನಾನು ಈ ಬೋರ್ಡು ಇಳಿಸ್ಬೇಕಾಗತ್ತೆ. ಊರೆಲ್ಲಾ ನನ್ನ ಹತ್ರ ಬರತ್ತೆ, ನನ್ನ ಮನೆ ಹುಡುಗಿ ಇನ್ನೊಬ್ಬರ ಬಾಗಿಲಿಗೆ ಹೋಗೋದಾ? ನಂಬರು ಏರಿದೆ, ಅಷ್ಟೇ.”

“ನಿಮಗೆ ಎಲ್ಲಾ ನಂಬರೇ,” ಎಂದರು ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ. “ಪಕ್ಕೆಲುಬಿನ ಕೆಳಗೆ ಕೈ ಒತ್ಕೊಂಡೇ ಇದಾಳೆ, ಅದಕ್ಕೂ ಒಂದು ನಂಬರು ಹುಡುಕಿ.”

“ಮಗು ಒದೀತಿದೆ ಬಿಡೇ. ತಾತನ ಹಾಗೇ, ಒಂದು ಕಡೆ ಸುಮ್ನೆ ಕೂರೋ ಜಾತಿ ಅಲ್ಲ.”

ಅತ್ತೆಯ ಮುಖದಲ್ಲೂ ನಗು ಸುಳಿಯಿತು. ಹಿರಿಯರು ನಗುತ್ತಿದ್ದಾರೆಂದು ಸೊಸೆಯೂ ನಕ್ಕಳು. ಯಜಮಾನರು ಇನ್ನೊಂದು ಗಾಜು ಹಾಕಿದರು, ಮತ್ತೊಂದು ಹಾಕಿದರು. ಅವಳಿಗೆ ಕುಳಿತು ಕುಳಿತು ಸಾಕಾಗಿತ್ತು.

“ಈಗ?”

“ಇದೇ ಚೆನ್ನಾಗಿದೆ ಮಾವ.”

ಅಂದೇ ಅವರು ಹೊಸ ಗಾಜುಗಳ ಅಂಚು ಉಜ್ಜಿ, ಅವಳ ಫ್ರೇಮಿಗೇ ಕೂರಿಸಿದರು. ಮುಖಕ್ಕೆ ತೊಡಿಸಿ ನೋಡಿದರೆ ಬಿಗಿ. ಕಡ್ಡಿಗಳು ಹಣೆಯ ಎರಡೂ ಬದಿ ಕೆಂಪಗೆ ಗೀರು ಮಾಡಿದವು. ಹೋದ ತಿಂಗಳು ತಮ್ಮ ಕೈಯಿಂದಲೇ ಅಳತೆಗೆ ಸರಿಪಡಿಸಿದ್ದ ಫ್ರೇಮು. ಬೆಳೆದ ಹೆಣ್ಣಿನ ಮುಖ ಇಷ್ಟರಲ್ಲಿ ದೊಡ್ಡದಾಗುವುದು ಹೇಗೆ ಎಂದು ಅವರು ಕೇಳಿಕೊಳ್ಳಲಿಲ್ಲ. “ಮುಖ ಮೈ ತುಂಬ್ಕೊಂಡಿದೆ, ಒಳ್ಳೇದೇ,” ಎನ್ನುತ್ತ ಕಡ್ಡಿಗಳನ್ನು ಬಿಸಿ ಮಾಡಿ, ಹದ ನೋಡಿ ಅಗಲಿಸಿಕೊಟ್ಟರು.

ಮಾರನೆಯ ದಿನ ಒಣಗಿದ ಬಟ್ಟೆ ಮಡಚುತ್ತಿದ್ದವಳು ಹಾಗೆಯೇ ಪಕ್ಕಕ್ಕೆ ಉರುಳಿದಳು. ಹಲ್ಲು ಕಚ್ಚಿಕೊಂಡವು, ಕೈಕಾಲು ಅದುರತೊಡಗಿದವು.

ಆಸ್ಪತ್ರೆಯ ಒಳಬಾಗಿಲಿನಿಂದ ಡಾಕ್ಟರಮ್ಮ ಹೊರಗೆ ಬಂದರು. “ಬಿ.ಪಿ. ವಿಪರೀತ ಏರಿ ಫಿಟ್ಸ್ ಬಂದಿದೆ. ಮಗೂನ ಈಗಲೇ ಆಪರೇಷನ್ ಮಾಡಿ ತೆಗೀಬೇಕು. ತಲೆನೋವು, ಕಣ್ಣು ಮಂಜು, ಊತ, ಪಕ್ಕೆಲುಬಿನ ಕೆಳಗೆ ನೋವು, ಒಂದೂ ಇರ್ಲಿಲ್ವಾ?”

“ಎಲ್ಲಾ ಇತ್ತು,” ಎಂದರು ಅತ್ತೆ.

“ಮತ್ತೆ ಯಾರೂ ನೋಡ್ಲಿಲ್ವಾ?”

“ನೋಡಿದ್ರು. ನಮ್ಮ ಯಜಮಾನರೇ ಕೂರಿಸ್ಕೊಂಡು ನೋಡಿದ್ರು.”

ಕೆಲಸದಿಂದ ಓಡಿಬಂದಿದ್ದ ಮಗ ಬೆಂಚಿನ ಮೇಲೆ ತಲೆ ತಗ್ಗಿಸಿ ಕುಳಿತಿದ್ದ. ಅಪ್ಪನ ಕಡೆ ನೋಡಲಿಲ್ಲ. ಎದ್ದು ನಿಂತು ನಾಲ್ಕು ಜನರೆದುರು ಬೈದಿದ್ದರೂ ಯಜಮಾನರಿಗೆ ಎಷ್ಟೋ ವಾಸಿಯಾಗುತ್ತಿತ್ತು. ಅವರು ಮೂಲೆಗೆ ಹೋಗಿ ಕೈ ಮುಗಿದರು. ತಾಯಿ ಮಗು ಇಬ್ಬರನ್ನೂ ಉಳಿಸು ಎಂದು ಕೇಳಬೇಕು; ಯಾವ ಮುಖ ಇಟ್ಟುಕೊಂಡು ಕೇಳುವುದು? ಹೇಳಬೇಕಾದದ್ದನ್ನು ದೇವರು ನರ್ಸಮ್ಮನ ಬಾಯಲ್ಲಿ ಮೊದಲೇ ಹೇಳಿಸಿದ್ದ. ತಾವು ನಕ್ಕಿದ್ದರು. ಏನೂ ಕೇಳದೆ ಮುಗಿದ ಕೈ ಇಳಿಸಿದರು.

ಕೇಳದವರಿಗೂ ದೇವರು ಕೊಟ್ಟ. ಇಬ್ಬರೂ ಉಳಿದರು. ಕೆಲವು ದಿನಗಳಲ್ಲಿ ಸೊಸೆಯ ಊತ ಇಳಿಯಿತು. ಬಿ.ಪಿ. ಹತೋಟಿಗೆ ಬಂದಂತೆ ಕಣ್ಣೂ ಮೊದಲಿನಂತಾಗಿದೆ, ಹಳೆಯ ನಂಬರೇ ಸಾಕು ಎಂದು ಡಾಕ್ಟರಮ್ಮ ಹೇಳಿದರು. ಯಜಮಾನರು ತಲೆಯಾಡಿಸಿದರು. ಹಳೆಯ ಗಾಜುಗಳು ಅಂಗಡಿಯ ಡ್ರಾಯರಿನಲ್ಲಿದ್ದವು.

ಅವನ್ನು ತರಲು ಅವರು ಏಳುವಷ್ಟರಲ್ಲಿ, ಮಗು ನೋಡಲು ಬನ್ನಿ ಎಂದು ನರ್ಸು ಕರೆದಳು. ಅತ್ತೆ ಗಾಲಿಕುರ್ಚಿ ತಳ್ಳಿಕೊಂಡು ದೊಡ್ಡ ಗಾಜಿನ ಕಿಟಕಿಯ ಮುಂದೆ ನಿಲ್ಲಿಸಿದರು. ಒಳಗೆ ದೂರದಲ್ಲಿ ಸಾಲಾಗಿ ಗಾಜಿನ ಪೆಟ್ಟಿಗೆಗಳು. ಸೊಸೆ ಮಡಿಲಲ್ಲಿದ್ದ ಕನ್ನಡಕ ತೆಗೆದು ಹಾಕಿಕೊಂಡಳು. ಅಗಲಿಸಿದ ಫ್ರೇಮು ಸಡಿಲವಾಗಿ ಮೂಗಿನ ತುದಿಗೆ ಜಾರಿತು. ಅವಳು ಬೆರಳಿನಿಂದ ಎತ್ತಿ ಹಿಡಿದುಕೊಂಡಳು.

“ಆ ಗಾಜು ಬೇಡಮ್ಮ,” ಎಂದರು ಯಜಮಾನರು. “ಹಳೇದು ತಂದು ಹಾಕ್ಕೊಡ್ತೀನಿ. ಅವತ್ತು ನಾನು...”

ಸೊಸೆ ಅವರ ಧ್ವನಿ ಬಂದ ಕಡೆ ತಿರುಗಿದಳು. ಆಮೇಲೆ ಮತ್ತೆ ಕಿಟಕಿಯ ಕಡೆ.

“ಇದೇ ಚೆನ್ನಾಗಿದೆ ಮಾವ. ಎಷ್ಟು ಚೆನ್ನಾಗಿ ಕಾಣ್ತಿದೆ. ನಿಮ್ಮದೇ ಮೂಗು ನೋಡಿ.”

ಮಗು ಬಲಗಡೆಯ ಪೆಟ್ಟಿಗೆಯಲ್ಲಿತ್ತು. ಅವಳು ನಗುತ್ತಿದ್ದದ್ದು ಎಡಗಡೆಯದರತ್ತ. ಅದರೊಳಗೆ ಮಡಚಿಟ್ಟ ಬಿಳಿ ಬಟ್ಟೆಯೊಂದು ಮಾತ್ರ ಇತ್ತು.